ಟಿಚ್ ಬಟನ್ ಬೀರು

ನನ್ನ ಹೊಲಿಗೆ ಮಷಿನ್ನಿನ ಪಕ್ಕದ ಕಿಟಕಿಯಲ್ಲಿ ಒಂದು ಗೊಂಬೆ ಕೂತಿದೆ. ಒಂದೂವರೆ ಗೇಣು ಎತ್ತರ, ಕೆಂಚು ಕೂದಲು, ಮಲಗಿಸಿದರೆ ಒಂದು ಕಣ್ಣು ಮಾತ್ರ ಮುಚ್ಚುತ್ತದೆ. ಬ್ಲೌಸ್ ಹೊಲಿಯಲು ಕೊಡುವುದಕ್ಕೆ ಬರುವ ಹೆಂಗಸರು ಅದನ್ನು ನೋಡಿ ಇದು ಯಾರದು ಅಂತ ಕೇಳುತ್ತಾರೆ. ನನ್ನ ತಂಗಿ ಮಗಳದು ಅನ್ನುತ್ತೇನೆ. ಎಲ್ಲಿದ್ದಾಳೆ ಅನ್ನುತ್ತಾರೆ. ಹರಿಹರದಲ್ಲಿ ಅನ್ನುತ್ತೇನೆ. ಓ, ಇಲ್ಲೇ ಬಿಡ್ರಿ, ಅನ್ನುತ್ತಾರೆ. ಈ ‘ಇಲ್ಲೇ ಬಿಡ್ರಿ’ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ದಾವಣಗೆರೆಯಲ್ಲಿ ಬಸ್ಸು ಹತ್ತಿ ಒಂದು ಪೊಟ್ಟಣ ಶೇಂಗಾ ತಿಂದು ಮುಗಿಸುವಷ್ಟರಲ್ಲಿ ಹರಿಹರ ಬಂದುಬಿಡುತ್ತದೆ, ನಿಜ. ಆದರೆ ಹತ್ತಿರದ ಊರಿಗೆ ಹೋದವರು ದೂರ ಹೋದವರಿಗಿಂತ ಕಡಿಮೆ ಹೋಗಿರುತ್ತಾರೆ ಅಂತ ಯಾರು ಹೇಳಿದರು?

ಗೊಂಬೆಯ ಮೈಮೇಲೆ ಒಂದು ಹಳದಿ ಫ್ರಾಕ್ ಇದೆ. ಅದರ ಉಳಿದ ಬಟ್ಟೆಗಳೆಲ್ಲ, ಬಟ್ಟೆ ಇಡುವ ಬೀರು ಸಮೇತ, ಹರಿಹರದಲ್ಲಿವೆ. ಆ ಬೀರು ಮಾಡಿದವಳು ನಾನು. ಆ ಹುಡುಗಿಯನ್ನು ಇಲ್ಲಿಯೇ ಉಳಿಸಿಕೊಳ್ಳಬೇಕು ಅಂತಲೇ ಮಾಡಿದೆ.

ನಮ್ಮದು ದೇವರಾಜ ಅರಸು ಬಡಾವಣೆಯಲ್ಲಿ ಸಣ್ಣ ಮನೆ. ಮುಂದಿನ ಕೋಣೆಯಲ್ಲಿ ನನ್ನ ಮಷಿನ್. ನಮ್ಮ ಮನೆಯವರು ಚೌಕಿಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್. ದಿನವಿಡೀ ಹೆಂಗಸರ ಮುಂದೆ ಸೀರೆ ಬಿಚ್ಚಿ, ಹಾಸಿ, ಮತ್ತೆ ಮಡಚಿ, ಮನೆಗೆ ಬಂದ ಮೇಲೆ ತಮ್ಮ ಟವಲ್ಲನ್ನೂ ಮಡಚದ ಮನುಷ್ಯ. ನಮಗೆ ಮಕ್ಕಳಾಗಲಿಲ್ಲ. ಆ ಮಾತು ಇಷ್ಟಕ್ಕೆ ಸಾಕು.

ನನಗೆ ಒಬ್ಬಳೇ ತಂಗಿ. ಅವಳನ್ನು ಹರಿಹರಕ್ಕೆ ಕೊಟ್ಟಿದೆ. ನಮ್ಮ ತವರು ಮಾಯಕೊಂಡ. ಅಪ್ಪ ಅವ್ವ ತೀರಿಕೊಂಡ ಮೇಲೆ ತಂಗಿಗೆ ತವರು ಅಂದರೆ ನನ್ನ ಮನೆಯೇ. ಅವಳ ಎರಡನೇ ಮಗು, ಗಂಡು, ದಿನ ತುಂಬುವ ಮುಂಚೆಯೇ ಹುಟ್ಟಿತು. ಅಂಗೈಯಲ್ಲಿ ಮಲಗಿಸಬಹುದಾದಂಥ ಕೂಸು. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಮೂರು ವರ್ಷದ ದೊಡ್ಡ ಮಗಳನ್ನು ಒಂದೆರಡು ತಿಂಗಳು ನೋಡಿಕೋ ಅಕ್ಕ ಅಂತ ತಂದು ನನ್ನ ಹತ್ತಿರ ಬಿಟ್ಟಳು. ಹುಡುಗಿಯ ಜೊತೆ ಒಂದು ಚೀಲ ಬಟ್ಟೆ, ಒಂದು ಹಾಲಿನ ಲೋಟ ಬಂದವು.

ಆ ಒಂದೆರಡು ತಿಂಗಳು ಎಳೆದು ಎಳೆದು ಮೂರು ವರ್ಷವಾಯಿತು. ಕೂಸು ಒಂದು ಸಲ ಕೆಮ್ಮಿದರೆ ಹರಿಹರದ ಮನೆಯವರೆಲ್ಲ ಎದ್ದು ಕೂರುತ್ತಿದ್ದರು. ಹುಡುಗಿ ನಮ್ಮಲ್ಲೇ ಎಲ್‌ಕೆಜಿ ಸೇರಿದಳು, ಯುಕೆಜಿ ಮುಗಿಸಿದಳು. ತಂಗಿ ಭಾನುವಾರ ಬರುತ್ತಿದ್ದಳು, ಮಗಳ ತಲೆ ಬಾಚಿ, ಊಟ ಮಾಡಿಸಿ, ಸಂಜೆ ಬಸ್ಸಿಗೆ ಹೋಗುತ್ತಿದ್ದಳು. ಮಗಳು ಅವಳನ್ನು ಮಮ್ಮಿ ಅನ್ನುತ್ತಿದ್ದಳು, ನನ್ನನ್ನು ದೊಡ್ಡವ್ವ. ಜ್ವರ ಬಂದಾಗ ಮಾತ್ರ ‘ದೊಡ್ಡ’ ಅನ್ನುವುದು ಉದುರಿಹೋಗಿ ಬರೀ ‘ಅವ್ವ’ ಉಳಿಯುತ್ತಿತ್ತು. ನಾನು ತಿದ್ದಲು ಹೋಗಲಿಲ್ಲ.

ಗೊಂಬೆಯನ್ನು ತಂದವರು ನಮ್ಮ ಮನೆಯವರು. ಬಸ್ ಸ್ಟ್ಯಾಂಡಿನ ಹತ್ತಿರ ತಗೊಂಡೆ ಅಂದರು. ತಂದ ದಿನವೇ ಅದರ ಒಂದು ಕಣ್ಣು ಕೆಟ್ಟಿತ್ತು. ಹುಡುಗಿ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ, ಅದು ಮೈಮೇಲೆ ಎಚ್ಚರ ಇಟ್ಟುಕೊಂಡು ಮಲಗುವ ಜಾಣೆ ಅಂತ ತೀರ್ಮಾನಿಸಿದಳು. ಬೇಜಾರಾದದ್ದು ಗೊಂಬೆಗೆ ಇದ್ದದ್ದು ಒಂದೇ ಅಂಗಿ ಅಂತ. ಅದೊಂದು ನನಗೆ ಕಷ್ಟದ ಕೆಲಸವೇ? ನನ್ನ ಮಷಿನ್ನಿನ ಕೆಳಗೆ ಯಾವಾಗಲೂ ಒಂದು ಬುಟ್ಟಿ ತುಂಡು ಬಟ್ಟೆ ಇರುತ್ತದೆ. ಬಡಾವಣೆಯ ಹೆಂಗಸರ ಬ್ಲೌಸಿನಲ್ಲಿ ಉಳಿದ ರೇಷ್ಮೆ, ಲೈನಿಂಗು, ಜರಿಯ ಅಂಚು. ಅದರಲ್ಲಿ ಲಂಗ ಹೊಲಿದೆ, ಕುಪ್ಪಸ ಹೊಲಿದೆ, ಒಂದು ಚೂಡಿದಾರ, ಪಿನ್ ಹಾಕುವ ಸೆರಗಿನ ಪುಟ್ಟ ಸೀರೆ. ನಾಲ್ಕನೇ ಮನೆಯವರ ಮಗಳ ನಿಶ್ಚಿತಾರ್ಥದ ಹಸಿರು, ಮೂಲೆ ಮನೆಯವರ ಗೃಹಪ್ರವೇಶದ ಕೆಂಪು. ಬಡಾವಣೆಯಲ್ಲಿ ಒಂದು ಮದುವೆಯಾದರೆ ಗೊಂಬೆಗೆ ಒಂದು ಹೊಸ ಬಟ್ಟೆ ಗ್ಯಾರಂಟಿ. ಯಾರ ಮದುವೆಗೂ ಕರೆಯದ ಗೊಂಬೆ ಎಲ್ಲರ ಮದುವೆಯ ಬಟ್ಟೆಯನ್ನೂ ಉಟ್ಟಿತು.

ಇಲ್ಲಿ ನನ್ನ ಕೈಯ ಒಂದು ರೂಢಿ ಹೇಳಬೇಕು. ಯಾವುದನ್ನು ಕತ್ತರಿಸಿದರೂ ನಾನು ಹೊಲಿಗೆಯ ಒಳಗೆ ಬಟ್ಟೆ ಬಿಡುತ್ತೇನೆ. ಮಾರ್ಜಿನ್ ಅಂತೇವೆ. ಬ್ಲೌಸಿಗೆ ಒಂದಿಂಚು, ಮೈ ತುಂಬಿಕೊಂಡರೆ ಬಿಚ್ಚಿ ಸಡಿಲ ಮಾಡಿಕೊಳ್ಳಲಿ ಅಂತ. ಮಕ್ಕಳ ಬಟ್ಟೆಗೆ ಎರಡು, ಮೂರು ಇಂಚು, ಬೆಳೆಯುವ ಮಕ್ಕಳು ಅಂತ. ಈ ರೂಢಿಯಿಂದ ಗೊಂಬೆಯ ಬಟ್ಟೆಗೂ ಅರ್ಧ ಇಂಚು ಬಿಟ್ಟಿದ್ದೆ. ಹುಡುಗಿ ಒಂದು ದಿನ ಲಂಗವನ್ನು ತಿರುವಿ ನೋಡಿ, ಇವಳು ಬೆಳೆಯೋದೇ ಇಲ್ಲ, ಒಳಗೆ ಯಾಕ ಬಿಟ್ಟೀಯ ಅಂತ ಕೇಳಿದಳು. ಕೈ ಬಿಡುತ್ತದೆ, ಬಿಟ್ಟೆ ಅಂದೆ.

ಅವಳ ಯುಕೆಜಿ ಮುಗಿಯುವ ಹೊತ್ತಿಗೆ ನಮ್ಮ ಎದುರು ಮನೆಯ ಹುಡುಗಿಯ ಮದುವೆಯಾಯಿತು. ಮದುವೆಗೆ ಮುಂಚೆ ತವರಿನವರು ಕೊಡುವ ಸ್ಟೀಲಿನ ಬೀರು ಬಂದು ಅಂಗಳದಲ್ಲಿ ನಿಂತಿತು. ಬೀರುವನ್ನು ಖಾಲಿ ಕಳಿಸುವುದಿಲ್ಲವಲ್ಲ, ಮದುಮಗಳ ಸೀರೆಗಳನ್ನು ಜೋಡಿಸಿ, ಒಳಗಿನ ಲಾಕರಿನಲ್ಲಿ ಒಂದು ಹಿಡಿ ಅಕ್ಕಿ, ಅರಿಶಿನ ಕುಂಕುಮ ಇಟ್ಟು, ಅದನ್ನು ಲಗೇಜ್ ಆಟೋಕ್ಕೆ ಹತ್ತಿಸಿದರು. ನಾನು ಮತ್ತು ಇವಳು ನಮ್ಮ ಮೆಟ್ಟಿಲ ಮೇಲೆ ನಿಂತು ನೋಡಿದೆವು. ಬೀರು ಎಲ್ಲಿಗೆ ಹೋಗುತ್ತದೆ ಅಂದಳು. ಆ ಅಕ್ಕ ಇನ್ನು ಮುಂದೆ ಇರುವ ಮನೆಗೆ ಅಂದೆ. ಲಾಕರಿನಲ್ಲಿ ಅಕ್ಕಿ ಯಾಕೆ ಇಟ್ಟರು ಅಂದಳು. ಹೋದ ಮನೆಯಲ್ಲಿ ಕೊರತೆ ಆಗಬಾರದು ಅಂತ ಅಂದೆ. ಅವಳು ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಲೇ ಇದ್ದಳು.

ಅದಾದ ಮುಂದಿನ ಭಾನುವಾರವೇ ತಂಗಿ ಆ ಮಾತು ತೆಗೆದಳು. ಮಗ ಈಗ ಗಟ್ಟಿಯಾಗಿದ್ದಾನೆ, ಮಗಳನ್ನು ಒಂದನೇ ಕ್ಲಾಸಿಗೆ ಹರಿಹರದಲ್ಲೇ ಸೇರಿಸುತ್ತೇವೆ, ಶಾಲೆ ಶುರುವಾಗುವ ಮುಂಚೆ ಕರೆದುಕೊಂಡು ಹೋಗುತ್ತೇನೆ ಅಂದಳು. ನಾನು ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಹೂಂ ಅಂದೆ. ಇದರಲ್ಲಿ ಬೇರೆ ಏನು ಅನ್ನಲು ಬರುತ್ತದೆ? ಅವಳ ಮಗಳು. ಆದರೆ ಆ ಹೊತ್ತಿನಲ್ಲಿ ನನ್ನ ತಂಗಿಯ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ. ಬೇಕಾದಾಗ ಬಿಟ್ಟು ಹೋಗಿ, ಬೇಕಾದಾಗ ಎತ್ತಿಕೊಂಡು ಹೋಗಲು ನನ್ನದೇನು ಮನೆಯೋ ಬಸ್ ಸ್ಟ್ಯಾಂಡೋ ಅನ್ನಿಸಿತು. ಹುಡುಗಿ ಆಚೆ ಕೋಣೆಯಲ್ಲಿ ಗೊಂಬೆಯ ತಲೆ ಬಾಚುತ್ತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ಗೊತ್ತಾಗಲಿಲ್ಲ.

ಮಾರನೇ ದಿನ ಅವಳು ಮಷಿನ್ನಿನ ಹತ್ತಿರ ಬಂದು ನಿಂತಳು.

“ದೊಡ್ಡವ್ವ, ಇವಳಿಗೆ ಒಂದು ಬೀರು ಬೇಕು. ನಿಜವಾದ್ದು. ಲಾಕರ್ ಇರೋದು.”

ಅಲ್ಲಿಯವರೆಗೆ ಗೊಂಬೆಯ ಬಟ್ಟೆಗಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇರುತ್ತಿದ್ದವು. ಡಬ್ಬಿ ತುಂಬಿ ಮುಚ್ಚಳ ಹಾಕಲು ಬರುತ್ತಿರಲಿಲ್ಲ. ಅದಕ್ಕೇ ಕೇಳುತ್ತಿದ್ದಾಳೆ ಅಂದುಕೊಂಡೆ. ಮತ್ತು ನನ್ನ ಮನಸ್ಸು ಅಷ್ಟಕ್ಕೆ ನಿಲ್ಲಲಿಲ್ಲ. ಡಬ್ಬಿಯಾದರೆ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು. ಬೀರು ಇರುವ ಕಡೆ ಮನುಷ್ಯರು ಇರುತ್ತಾರೆ. ಒಂದು ಒಳ್ಳೇ ಬೀರು ಮಾಡಿ ಮೂಲೆಯಲ್ಲಿ ನಿಲ್ಲಿಸಿದರೆ, ಅದನ್ನು ಬಿಟ್ಟು ಈ ಹುಡುಗಿ ಹೇಗೆ ಹೋಗುತ್ತಾಳೆ ನೋಡೋಣ ಅಂತ ಹಟ ಬಂತು.

ನಮ್ಮ ಮನೆಯವರಿಗೆ ಅಂಗಡಿಯಿಂದ ಖಾಲಿ ಸೀರೆ ಡಬ್ಬಿ ತರಲು ಹೇಳಿದೆ. ರೇಷ್ಮೆ ಸೀರೆಯ ಡಬ್ಬಿಯ ರಟ್ಟು ಗಟ್ಟಿ, ಮಣಿಯುವುದಿಲ್ಲ. ಮನೆಯಲ್ಲಿದ್ದ ಹಳೇ ಕತ್ತರಿಗೆ ಅದು ಬಗ್ಗಲಿಲ್ಲ. ಆಗ ನಾನು ನನ್ನ ಬಟ್ಟೆ ಕತ್ತರಿ ತೆಗೆದೆ. ಆ ಕತ್ತರಿಯಲ್ಲಿ ಯಾರಾದರೂ ಕಾಗದದ ಚೂರು ಕತ್ತರಿಸಿದರೂ ನಾನು ಮನೆ ಕಿತ್ತುಹೋಗುವ ಹಾಗೆ ಬಯ್ಯುತ್ತೇನೆ, ಹಾಲಿನ ಪ್ಯಾಕೆಟ್ ಕತ್ತರಿಸಿ ನಮ್ಮ ಮನೆಯವರು ಎರಡು ದಿನ ಮಾತಿಲ್ಲದೆ ಉಂಡಿದ್ದಾರೆ. ಈಗ ನಾನೇ ಅದರಲ್ಲಿ ರಟ್ಟು ಕತ್ತರಿಸುತ್ತಿರುವುದನ್ನು ನೋಡಿ ಅವರು ಕತ್ತರಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಟಿವಿ ಹಚ್ಚಿದರು.

ಮೈದಾ ಹಿಟ್ಟಿಗೆ ಚಿಟಿಕೆ ಅರಿಶಿನ ಹಾಕಿ ಅಂಟು ಕುದಿಸಿದೆ. ರಟ್ಟಿನ ಮೇಲೆ ಬೂದು ಬಣ್ಣದ ಲೈನಿಂಗ್ ಬಟ್ಟೆ ಎಳೆದು ಅಂಟಿಸಿದೆ, ಅವಳಿಗೆ ಸ್ಟೀಲಿನ ಬೀರುವಿನ ಬಣ್ಣವೇ ಬೇಕಾಗಿತ್ತು. ಬೆಂಕಿಪೊಟ್ಟಣಗಳನ್ನು ಜೋಡಿಸಿ ಡ್ರಾಯರ್ ಮಾಡಿದೆ, ಎಳೆಯಲು ಒಂದೊಂದಕ್ಕೂ ಒಂದು ಮಣಿ. ಒಂದು ಡ್ರಾಯರು ಲಾಕರ್ ಅಂತಾಯಿತು. ತೆಂಗಿನ ಗರಿಯ ಪೊರಕೆ ಕಡ್ಡಿಯನ್ನು ಅಡ್ಡ ಸಿಗಿಸಿ, ಹೇರ್‌ಪಿನ್ನುಗಳನ್ನು ಬಗ್ಗಿಸಿ ಹ್ಯಾಂಗರ್ ಮಾಡಿ ನೇತುಹಾಕಿದೆ. ಹಳೇ ಪೌಡರ್ ಡಬ್ಬಿಯ ಕನ್ನಡಿ ಬಾಗಿಲಿಗೆ ಹೋಯಿತು. ಹುಡುಗಿ ಪಕ್ಕದಲ್ಲಿ ಕೂತು ಬಟ್ಟೆಗಳನ್ನು ಮಡಚಿ ಮಡಚಿ ಇಡುತ್ತಿದ್ದಳು. ಅವಳಿಗೆ ಮಡಚಲು ಬರುತ್ತಿತ್ತು, ಅವಳ ದೊಡ್ಡಪ್ಪನ ಹಾಗೆ ಅಂಗಡಿಯಲ್ಲಿ ಮಾತ್ರ ಅಲ್ಲ.

ಎಲ್ಲ ಮುಗಿಸಿ ಬಾಗಿಲು ಹಾಕಿದರೆ ಹಾಕಲು ಬರಲಿಲ್ಲ. ಎರಡು ಬಾಗಿಲೂ ಒಂದರ ಮೇಲೊಂದು ಹತ್ತಿ ಕೂತವು. ಟೇಪು ಹಿಡಿದು ಅಳೆದೆ. ಅಳತೆ ಸರಿಯಾಗಿಯೇ ಬರೆದಿದ್ದೆ. ಆದರೆ ಕತ್ತರಿಸುವಾಗ ಕೈ ತನ್ನ ರೂಢಿ ಬಿಟ್ಟಿರಲಿಲ್ಲ, ಪ್ರತಿ ರಟ್ಟಿಗೂ ಸುತ್ತ ಅರ್ಧ ಇಂಚು ಮಾರ್ಜಿನ್ ಬಿಟ್ಟಿತ್ತು! ನಮ್ಮ ಮನೆಯವರು ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. ರಟ್ಟಿನ ಬೀರುವಿಗೂ ಮೈ ಬಂದರೆ ಬಿಚ್ಚಿ ಸಡಿಲ ಮಾಡಿಕೊಡುತ್ತೀಯಾ ಅಂದರು. ನನಗೆ ಅವಮಾನವಾಯಿತು, ಕತ್ತರಿಸಿ ಸರಿಮಾಡಲು ಹೋದೆ. ಹುಡುಗಿ ಬೇಡ ಅಂತ ಕೈ ಹಿಡಿದಳು. ಬ್ಲೌಸಿನ ಮುಂಭಾಗದಲ್ಲಿ ಒಂದು ಪಟ್ಟಿಯ ಮೇಲೆ ಇನ್ನೊಂದು ಬರುವುದಿಲ್ಲವೇ, ಹಾಗೇ ಇರಲಿ ಅಂದಳು. ಅವಳು ಹೇಳಿದಂತೆ ಮೇಲಿನ ಬಾಗಿಲಿಗೆ ಒಂದು ಟಿಚ್ ಬಟನ್, ಕೆಳಗಿನದಕ್ಕೆ ಅದರ ಜೋಡಿ ಹೊಲಿದೆ. ಒತ್ತಿದರೆ ಟಿಚ್ ಅಂತ ಮುಚ್ಚಿಕೊಂಡಿತು. ಬ್ಲೌಸಿನ ಹಾಗೆ ಮುಚ್ಚುವ ಬೀರು ಈ ಲೋಕದಲ್ಲಿ ಅದೊಂದೇ ಇರಬೇಕು.

ಅಲ್ಲಿಗೆ ಮುಗಿಸಬಹುದಿತ್ತು. ನಾನು ಮುಗಿಸಲಿಲ್ಲ. ಪಕ್ಕಕ್ಕೆ ಇನ್ನೊಂದು ಕಪಾಟು ಅಂಟಿಸಿದೆ, ಮೇಲೆ ಹಾಸಿಗೆ ಇಡುವ ಅಟ್ಟ, ಕೆಳಗೆ ಚಪ್ಪಲಿ ಗೂಡು. ಬೀರು ಬೆಳೆದು ಹುಡುಗಿಯ ಸೊಂಟದವರೆಗೆ ಬಂತು. ಅದೇ ದಿನಗಳಲ್ಲಿ ಅವಳಿಗೂ ಗೊಂಬೆಗೂ ಜೋಡಿ ಹಳದಿ ಫ್ರಾಕ್ ಹೊಲಿದೆ. ಅವಳ ಫ್ರಾಕಿಗೆ ನಾನು ಯಾವತ್ತೂ ಬಿಡದಷ್ಟು ಮಾರ್ಜಿನ್ ಬಿಟ್ಟೆ, ಕೆಳಗೆ ಮೂರು ಮಡಿಕೆ ಮಡಚಿ ಹೊಲಿದೆ. ಇನ್ನೂ ಮೂರು ವರ್ಷ ನನ್ನ ಕಣ್ಣೆದುರಿಗೆ ಹಾಕಿಕೊಂಡು ತಿರುಗಲಿ ಅಂತ ನನ್ನ ಲೆಕ್ಕ.

ಒಂದು ಸಂಜೆ ನಮ್ಮ ಮನೆಯವರು ಹೊಸ ಡಬ್ಬಿ ತಂದು ಕೆಳಗಿಟ್ಟರು. ಆವತ್ತು ನಗಲಿಲ್ಲ.

“ನೀನು ಬೀರು ಮಾಡ್ತಿಲ್ಲ. ಗೂಟ ಹೊಡೀತಿದ್ದೀಯ. ಆ ಹುಡುಗಿಗೆ ಅವರವ್ವ ಅದಾಳೆ, ನೆನಪೈತಾ?”

ನೆನಪಿದೆ ಅಂದೆ. ನೆನಪಿಲ್ಲದೆ ಏನು, ಅದೇ ನನ್ನ ಸಂಕಟ. ಆದರೂ ತಂಗಿ ಫೋನ್ ಮಾಡಿ ಯಾವತ್ತು ಬರಲಿ ಅಂದರೆ ನಾನು ಕ್ಯಾಲೆಂಡರ್ ನೋಡುತ್ತಿದ್ದೆ. ಮಂಗಳವಾರ ಮನೆಯಿಂದ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ, ಶುಕ್ರವಾರ ಅಂತೂ ಇಲ್ಲವೇ ಇಲ್ಲ. ಅಮಾವಾಸ್ಯೆ ಹತ್ತಿರ ಬಂತು, ಅದು ಕಳೆಯಲಿ. ಒಂದು ವಾರದಲ್ಲಿ ಕಳಿಸಬಾರದ ದಿನಗಳೇ ಹೆಚ್ಚು ಅನ್ನುವುದು ನನಗೆ ಆಗ ತಿಳಿಯಿತು. ಕೊನೆಗೆ ನಮ್ಮ ಮನೆಯವರೇ ಫೋನ್ ಕಸಿದುಕೊಂಡು ಸೋಮವಾರ ಬಾರಮ್ಮ ಅಂದರು.

ಸೋಮವಾರ ಬೆಳಿಗ್ಗೆ ತಂಗಿ ಬಂದಳು. ಬಾಗಿಲಲ್ಲಿ ಒಂದು ಚಪ್ಪಲಿ ಬಿಟ್ಟು ಇನ್ನೊಂದನ್ನು ಬಿಡುತ್ತಿದ್ದಾಗ ಅವಳಿಗೆ ಎದುರಾದದ್ದು ಬೀರು. ಹುಡುಗಿ ಅದನ್ನು ಮೂಲೆಯಿಂದ ಎಳೆದು ತಂದು ಹೊಸ್ತಿಲ ಹತ್ತಿರ ನಿಲ್ಲಿಸಿದ್ದಳು. ಬೀರುವಿನ ಪಕ್ಕದಲ್ಲಿ ಗೊಂಬೆ, ಮೂಲೆ ಮನೆಯವರ ಗೃಹಪ್ರವೇಶದ ಕೆಂಪು ಸೀರೆ ಉಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು ನಿಂತಿತ್ತು. ಹುಡುಗಿ ಹಳೇ ಅಂಗಿಯಲ್ಲಿದ್ದಳು, ಸ್ನಾನ ಕೂಡ ಮಾಡಿರಲಿಲ್ಲ.

“ಮಮ್ಮಿ, ಇವಳನ್ನ ಕರ್ಕಂಡು ಹೋಗು. ಬೀರು ಕೊಟ್ಟೀವಿ. ಬಟ್ಟೆ ಎಲ್ಲಾ ಐತೆ. ನಾನು ಇಲ್ಲೇ ಇರ್ತೀನಿ.”

ನಾನು ಬಗ್ಗಿ ಬೀರುವಿನ ಬಟನ್ ಬಿಚ್ಚಿದೆ, ಯಾಕೆ ಬಿಚ್ಚಿದೆನೋ ತಿಳಿಯದು. ಬಟ್ಟೆಗಳೆಲ್ಲ ಒಪ್ಪವಾಗಿ ಮಡಚಿದ್ದವು. ಲಾಕರ್ ಎಳೆದೆ. ಬೆಂಕಿಪೊಟ್ಟಣದೊಳಗೆ ಒಂದು ಚಿಟಿಕೆ ಅಕ್ಕಿ, ಒಂದು ಚೂರು ಅರಿಶಿನದ ಕೊಂಬು.

ಆಗ ನನಗೆ ಎಲ್ಲ ಅರ್ಥವಾಯಿತು. ಆ ಭಾನುವಾರ ಅವಳು ಕೇಳಿಸಿಕೊಂಡಿದ್ದಳು. ಹರಿಹರಕ್ಕೆ ಒಬ್ಬ ಹುಡುಗಿ ಹೋಗಲೇಬೇಕು, ಹೋಗುವ ಹುಡುಗಿಗೆ ತವರಿನವರು ಬೀರು ಕೊಡಬೇಕು, ಅಷ್ಟು ಅವಳಿಗೆ ಎದುರು ಮನೆಯ ಮದುವೆಯಲ್ಲಿ ತಿಳಿದಿತ್ತು. ತನ್ನ ಬದಲು ಗೊಂಬೆಯನ್ನು ಕಳಿಸಲೆಂದೇ ಬೀರು ಕೇಳಿದ್ದಳು. ನಾನು ಅವಳನ್ನು ಹಿಡಿದಿಡಲು ಅಂತ ಒಂದು ಕಡೆಯಿಂದ ಅಂಟು ಹಚ್ಚುತ್ತಿದ್ದರೆ, ಅವಳು ಅದೇ ಬಯಕೆಯಿಂದ ಇನ್ನೊಂದು ಕಡೆ ಕೂತು ಬಟ್ಟೆ ಮಡಚುತ್ತಿದ್ದಳು. ಅಷ್ಟು ದಿನ ಎದುರುಬದುರು ಕೂತು ಇಬ್ಬರೂ ಅದರ ಬಗ್ಗೆ ಒಂದು ಮಾತು ಆಡಿರಲಿಲ್ಲ.

ಒಂದು ಗಳಿಗೆ ನನಗೆ ಎಷ್ಟು ಸಂತೋಷವಾಯಿತು ಅಂದರೆ ಅದನ್ನು ಬರೆಯಲು ಈಗಲೂ ಸಂಕೋಚ. ನನ್ನ ಹೊಟ್ಟೆಯಲ್ಲಿ ಹುಟ್ಟದ ಮಗು ನನ್ನ ಮನೆಯೇ ಬೇಕು ಅಂದಿತ್ತು. ಆಮೇಲೆ ತಂಗಿಯ ಮುಖ ಕಂಡಿತು. ಅವಳು ಇನ್ನೂ ಒಂದೇ ಚಪ್ಪಲಿಯಲ್ಲಿ ನಿಂತಿದ್ದಳು. ಮೂರು ವರ್ಷ ಒಂದು ಮಗುವನ್ನು ಬದುಕಿಸಿಕೊಳ್ಳಲು ಇನ್ನೊಂದನ್ನು ಬಿಟ್ಟಿದ್ದವಳು. ಪ್ರತಿ ಭಾನುವಾರ ಸಂಜೆ ಬಸ್ಸಿನಲ್ಲಿ ಅವಳು ಹೇಗೆ ಕೂತು ಹೋಗುತ್ತಿದ್ದಳೋ, ನಾನು ಒಮ್ಮೆಯೂ ಯೋಚಿಸಿರಲಿಲ್ಲ.

“ನೀನೇ ಹೇಳಕ್ಕ,” ಅಂದಳು. “ನೀನು ಕಳಿಸಲ್ಲ ಅಂದ್ರೆ ಹಿಂಗೇ ವಾಪಸ್ ಹೋಗ್ತೀನಿ. ಜಗಳ ಮಾಡಲ್ಲ.”

ಅವಳು ಜಗಳ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಜಗಳಕ್ಕೆ ಅಂತಲೇ ಇಷ್ಟು ದಿನ ಮಾತು ಕೂಡಿಹಾಕಿಕೊಂಡಿದ್ದೆ. ನೆಲದ ಮೇಲೆ ಕೂತು ಹುಡುಗಿಯನ್ನು ಹತ್ತಿರ ಎಳೆದುಕೊಂಡೆ.

“ಈ ಬೀರು ನಾನು ಗೊಂಬೆಗೆ ಮಾಡಿಲ್ಲ. ನಿನಗೆ ಮಾಡೀನಿ. ಬೀರು ಯಾರ್ದೋ ಅವ್ರೇ ಅದರ ಜೊತಿಗೆ ಹೋಗಬೇಕು.”

ಅವಳು ನನ್ನ ಮುಖ ನೋಡಿದಳು. ಮೋಸ ಹೋದವರು ನೋಡುವ ಹಾಗೆ ನೋಡಿದಳು. ಆಮೇಲೆ ಗೊಂಬೆಯ ಕಡೆ ತಿರುಗಿದಳು.

“ಮತ್ತೆ ಇವಳು?”

“ಇವಳು ನನ್ನ ಹತ್ರ ಇರ್ಲಿ. ನೀನು ಬರುವಾಗೆಲ್ಲ ಒಂದೊಂದು ಬಟ್ಟೆ ತಗಂಡು ಬಾ.”

ಅವಳು ಒಪ್ಪಿದಳು ಅಂತ ಹೇಳಲಾರೆ. ಎದ್ದು ಬಚ್ಚಲಿಗೆ ಹೋದಳು. ನಾನು ಸ್ನಾನ ಮಾಡಿಸಿ ಹಳದಿ ಫ್ರಾಕ್ ಹಾಕಿದೆ. ತಂಗಿಗೆ ಉಡಿ ತುಂಬಿದೆ. ತವರಿಗೆ ಬಂದವಳನ್ನು ಬರಿಗೈಲಿ ಕಳಿಸುವುದುಂಟೇ? ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ಎಲೆ ಅಡಿಕೆ, ಒಂದು ಕುಪ್ಪಸದ ಕಣ. ಅವಳು ಸೆರಗು ಒಡ್ಡಿದ್ದನ್ನು ನೋಡಿ ಹುಡುಗಿಯೂ ಬಂದು ಫ್ರಾಕಿನ ಅಂಚು ಹಿಡಿದು ನಿಂತಳು. ಆರು ವರ್ಷದ ಕೂಸು. ಅವಳಿಗೂ ತುಂಬಿದೆ. ಅಕ್ಕಿ ಹಾಕುವಾಗ ಫ್ರಾಕಿನ ಅಂಚು ಅವಳ ಕೈಯಿಂದ ಜಾರಿ ನೆಲದ ಮೇಲೆಲ್ಲ ಚೆಲ್ಲಿತು, ಮೂವರೂ ಕೂತು ಆರಿಸಿದೆವು.

ಬಸ್ ಸ್ಟ್ಯಾಂಡಿಗೆ ನಮ್ಮ ಮನೆಯವರು ಬೀರುವನ್ನು ಹೊತ್ತುಕೊಂಡು ಬಂದರು. ಗೂಟ ಅಂತ ಬಯ್ದವರೇ ಅದನ್ನು ಎದೆಗೆ ಅವುಚಿಕೊಂಡು ನಡೆದರು. ಹರಿಹರದ ಬಸ್ಸಿನಲ್ಲಿ ಹುಡುಗಿಗೆ ಕಿಟಕಿಯ ಸೀಟು ಸಿಕ್ಕಿತು. ತಂಗಿ ಬೀರುವನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಳು, ಬಸ್ಸು ಕುಲುಕಿ ಬಟನ್ ಬಿಚ್ಚಿಕೊಂಡೀತು ಅಂತ. ಹೋಗ್ತೀನಿ ಅನ್ನಬಾರದು ಅಂತ ನಾನೇ ಕಲಿಸಿದ್ದೆ. ಹೋಗಿ ಬರ್ತೀನಿ ಅಂದಳು. ಅಳಲಿಲ್ಲ. ನನಗಿಂತ ಗಟ್ಟಿ.

ಮೊದಮೊದಲು ಪ್ರತಿ ಭಾನುವಾರ ಬರುತ್ತಿದ್ದಳು. ಕೈಯಲ್ಲಿ ಗೊಂಬೆಯ ಒಂದು ಬಟ್ಟೆ ಇರುತ್ತಿತ್ತು. ಬಂದವಳೇ ಗೊಂಬೆಯ ಮೈಮೇಲಿನದನ್ನು ಬಿಚ್ಚಿ, ತಂದದ್ದನ್ನು ಹಾಕಿ, ಬಿಚ್ಚಿದ್ದನ್ನು ಮಡಚಿ ಒಯ್ಯುತ್ತಿದ್ದಳು. ಆಮೇಲೆ ಹದಿನೈದು ದಿನಕ್ಕೊಮ್ಮೆ ಆಯಿತು. ಆಮೇಲೆ ಟ್ಯೂಷನ್, ಡ್ಯಾನ್ಸ್ ಕ್ಲಾಸ್, ತಮ್ಮನಿಗೆ ನೆಗಡಿ. ಯಾರ ಮೇಲೂ ತಪ್ಪು ಹೊರಿಸುವಂಥದ್ದಲ್ಲ, ಮಕ್ಕಳಿಗೆ ಅವರ ಊರೇ ಊರು. ಹೋದ ದೀಪಾವಳಿಗೆ ಬಂದಾಗ ಹಳದಿ ಫ್ರಾಕ್ ತಂದು ಹಾಕಿದಳು. ಅದೇ ಈಗಲೂ ಇರುವುದು. ಧೂಳು ಕೂತರೆ ಒರೆಸುತ್ತೇನೆ. ನನ್ನ ಬುಟ್ಟಿಯ ತುಂಬ ತುಂಡು ಬಟ್ಟೆ ಇದೆ, ಇನ್ನೊಂದು ಫ್ರಾಕ್ ಹೊಲಿಯಲು ಅರ್ಧ ಗಂಟೆ ಬೇಡ. ಹೊಲಿಯುವುದಿಲ್ಲ. ಹೊಲಿದುಬಿಟ್ಟರೆ ಬಟ್ಟೆ ತರಲು ಯಾರೂ ಬರಬೇಕಾಗಿಲ್ಲವಲ್ಲ.

ಮೊನ್ನೆ ನಾನೇ ಹರಿಹರಕ್ಕೆ ಹೋಗಿದ್ದೆ, ಅವಳ ತಮ್ಮನ ಹುಟ್ಟುಹಬ್ಬಕ್ಕೆ. ಆ ಅಂಗೈಯಗಲದ ಕೂಸು ಈಗ ಮನೆ ತುಂಬ ಓಡುತ್ತಾನೆ, ಹಿಡಿಯಲು ಇಬ್ಬರು ಬೇಕು. ಬೀರು ಅವಳ ಓದುವ ಟೇಬಲ್ಲಿನ ಮೇಲಿತ್ತು. ಒಂದು ಬದಿ ಜೋತುಬಿದ್ದಿತ್ತು, ಕನ್ನಡಿ ಬಿದ್ದುಹೋಗಿತ್ತು. ಬಟನ್ ಒತ್ತಿದೆ, ಟಿಚ್ ಅಂದಿತು. ಒಳಗೆ ಸ್ಕೆಚ್ ಪೆನ್ನು, ಹೇರ್ ಬ್ಯಾಂಡು, ತಮ್ಮನ ಎರಡು ಪುಟ್ಟ ಕಾರು. ಗೊಂಬೆಯ ಬಟ್ಟೆಗಳು ಮೇಲಿನ ಅಟ್ಟದಲ್ಲಿ ಒಂದು ಕವರಿನಲ್ಲಿದ್ದವು. ಮಡಚಿಯೇ ಇಟ್ಟಿದ್ದಳು.

ಅವಳು ಈಗ ನಾಲ್ಕನೇ ಕ್ಲಾಸು. ನಾನು ಬರುತ್ತೇನೆ ಅಂತ ಹಳದಿ ಫ್ರಾಕ್ ಹಾಕಿಕೊಂಡಿದ್ದಳು, ಕೆಳಗೊಂದು ಪ್ಯಾಂಟು ಹಾಕಿ. ಹತ್ತಿರ ಕರೆದು ಹೊಲಿಗೆ ತಿರುವಿ ನೋಡಿದೆ, ಯಾರ ಮೈಮೇಲಿದ್ದರೂ ನನ್ನ ಹೊಲಿಗೆಯನ್ನು ತಿರುವಿ ನೋಡುವ ಚಾಳಿ ನನ್ನದು. ಬದಿಯ ಹೊಲಿಗೆ ಬಿಚ್ಚಿ ಸಡಿಲ ಮಾಡಿದ್ದರು. ಕೆಳಗಿನ ಮಡಿಕೆಗಳೂ ಒಂದೊಂದಾಗಿ ಬಿಚ್ಚಿದ್ದವು, ಬಿಚ್ಚಿದ ಕಡೆಯೆಲ್ಲ ಹಳೇ ಗೆರೆ ಉಳಿದಿತ್ತು. ಸೂಜಿಯಲ್ಲಿ ಹಾಕಿದ ಹೊಲಿಗೆ, ಸೊಟ್ಟಪಟ್ಟ, ಬಿಳೀ ದಾರ. ನನ್ನ ತಂಗಿಗೆ ಹೊಲಿಯಲು ಬರುವುದಿಲ್ಲ. ಚಿಕ್ಕವಳಿದ್ದಾಗ ಒಂದು ಗುಂಡಿ ಹಚ್ಚಲೂ ನನ್ನ ಹತ್ತಿರ ಬರುತ್ತಿದ್ದಳು.

“ಇನ್ನು ಬಿಚ್ಚಾಕ ಒಳಗೆ ಏನೂ ಉಳಿದಿಲ್ಲಕ್ಕ,” ಅಂದಳು ತಂಗಿ. “ಆದ್ರೂ ಬಿಡವಲ್ಲಳು, ಇದನ್ನೇ ಹಾಕ್ಕಂತಾಳೆ.”

ನನ್ನ ಚೀಲದಲ್ಲಿ ಯಾವಾಗಲೂ ಟೇಪು ಇರುತ್ತದೆ. ಹೊಸದು ಹೊಲಿದು ಕಳಿಸುತ್ತೇನೆ ಅಂದು ಅಳತೆ ತೆಗೆದುಕೊಂಡೆ. ಅವಳು ಕೈ ಅಗಲಿಸಿ ನಿಂತಳು. ಭುಜ, ಎದೆ, ಉದ್ದ. ಅಳತೆ ತೆಗೆಯುವಾಗ ಅವಳ ತಲೆ ನನ್ನ ಗದ್ದಕ್ಕೆ ತಾಗಿತು. ನನಗೆ ಗೊತ್ತಿದ್ದ ತಲೆ ನನ್ನ ಸೊಂಟಕ್ಕೆ ತಾಗುತ್ತಿತ್ತು.

“ಈ ಸಲ ಒಳಗೆ ಎಷ್ಟು ಬಿಡ್ತೀ ದೊಡ್ಡವ್ವ?”

ನೋಡೋಣ ಅಂದೆ.

ಇವತ್ತು ಬೆಳಿಗ್ಗೆ ಬಟ್ಟೆ ಹಾಸಿಕೊಂಡು ಚಾಕಿನಲ್ಲಿ ಗೆರೆ ಎಳೆದೆ. ಗೊಂಬೆ ಕಿಟಕಿಯಲ್ಲಿ ಕೂತು ನೋಡುತ್ತಿತ್ತು. ಅದರ ಫ್ರಾಕಿನ ಒಳಗೆ ನಾನು ಬಿಟ್ಟ ಅರ್ಧ ಇಂಚು ಹಾಗೇ ಇದೆ. ಕಣ್ಣೆದುರು ಬೆಳೆಯುವ ಮಗುವಿಗೆ ಒಳಗೆ ಎಷ್ಟು ಬಟ್ಟೆ ಬಿಡಬೇಕು ಅನ್ನುವುದು ನನಗೆ ಗೊತ್ತು, ಇಷ್ಟು ವರ್ಷ ಅದನ್ನೇ ಮಾಡಿದ್ದೇನೆ. ನಾನು ಕಾಣದ ಕಡೆ ಬೆಳೆಯುವವಳಿಗೆ ಎಷ್ಟು ಬಿಡಬೇಕು? ಎಳೆದ ಗೆರೆಯನ್ನು ಒರೆಸಿಹಾಕಿದೆ. ಆಮೇಲೆ ಒಂದು ಚೂರೂ ಬುಟ್ಟಿಗೆ ಹಾಕದೆ, ಇದ್ದ ಬಟ್ಟೆಯನ್ನೆಲ್ಲ ಒಳಗೇ ಮಡಚಿ ಹೊಲಿದೆ.